ಆ ಕುರ್ಚಿಯಲ್ಲಿ ಮೊದಲು ಕೂತಿದ್ದವರು

ಇಂಟರ್‌ವ್ಯೂಗೆ ಕರೆಯುವವರು ನಮ್ಮಲ್ಲಿ ಏನು ನೋಡುತ್ತಾರೆ ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಒಂದು ಲೋಟ ಮಜ್ಜಿಗೆ. ಐಮಂಗಲದ ಹತ್ತಿರ, ಹೆದ್ದಾರಿಯ ಪಕ್ಕದ ಒಂದು ಗೋದಾಮಿನಲ್ಲಿ ನನ್ನ ಕೈಗೆ ಬಂದ ಮಜ್ಜಿಗೆ ಅದು. ಸಾಸಿವೆ ಒಗ್ಗರಣೆ ಹಾಕಿದ್ದರು, ರುಚಿಯಾಗಿಯೇ ಇತ್ತು.

ನಾನು ಹೊಸದುರ್ಗದ ಒಂದು ಖಾಸಗಿ ಶಾಲೆಯ ಆಫೀಸಿನಲ್ಲಿ ಕೆಲಸಕ್ಕಿದ್ದೆ. ಫೀ ರಸೀದಿ ಬರೆಯುವುದು, ಟಿ.ಸಿ. ಕೊಡುವುದು, ಜ್ವರ ಬಂದ ಮಗುವಿನ ಮನೆಗೆ ಫೋನ್ ಮಾಡುವುದು, ಬೈಯಲು ಬಂದ ಪೋಷಕರನ್ನು ಸಮಾಧಾನ ಮಾಡಿ ಕಳಿಸುವುದು, ಎಲ್ಲ ನನ್ನ ಪಾಲಿನದೇ. ಆಮೇಲೆ ಊರಿಗೆ ಹಳದಿ ಬಸ್ಸಿನ ದೊಡ್ಡ ಶಾಲೆಗಳು ಬಂದವು. ನಮ್ಮ ಮಕ್ಕಳು ಒಬ್ಬೊಬ್ಬರಾಗಿ ಆ ಬಸ್ಸು ಹತ್ತಿದರು. ಒಂದು ಬೇಸಿಗೆ ರಜೆಗೆ ಮುಚ್ಚಿದ ನಮ್ಮ ಗೇಟು ಮತ್ತೆ ತೆರೆಯಲೇ ಇಲ್ಲ.

ಅದೇ ಬೇಸಿಗೆಯಲ್ಲಿ ಮಗಳು ಎಸ್ಸೆಸ್ಸೆಲ್ಸಿ ಪಾಸಾದಳು. ಸೈನ್ಸ್ ತೆಗೆದುಕೊಳ್ಳಬೇಕು, ಚಿತ್ರದುರ್ಗದ ಕಾಲೇಜಿಗೇ ಸೇರಬೇಕು, ಹಾಸ್ಟೆಲಿನಲ್ಲಿ ಇರಬೇಕು ಎಂದು ಅವಳ ಹಟ. ಗಂಡನ ವೈರಿಂಗ್ ಕೆಲಸದಿಂದ ಮನೆ ನಡೆಯುತ್ತದೆ, ಮನೆಯ ಜೊತೆಗೆ ಹಾಸ್ಟೆಲ್ ಖರ್ಚು ನಡೆಯುವುದಿಲ್ಲ. ಗಂಡನ ಅಣ್ಣನದು ಬಸ್ ಸ್ಟ್ಯಾಂಡ್ ಹತ್ತಿರ ಟೈಲರ್ ಅಂಗಡಿ. "ಹುಡುಗಿ ನನ್ನ ಅಂಗಡೀಗೆ ಬರ್ಲಿ ಬಿಡು. ಕೈಯಾಗೆ ಒಂದು ಕಸುಬು ಇದ್ರೆ ಯಾವತ್ತಿದ್ರೂ ಅನ್ನ ಹಾಕುತ್ತೆ" ಎಂದು ಅವರು ಪ್ರೀತಿಯಿಂದಲೇ ಹೇಳಿದರು. ಕೆಟ್ಟ ಮಾತೇನಲ್ಲ ಅದು. ಆದರೆ ಮಗಳು ಆ ಮಾತು ಕೇಳಿ ಒಳಗೆ ಹೋದವಳು ರಾತ್ರಿ ಊಟಕ್ಕೆ ಬರಲಿಲ್ಲ. ನನಗೆ ಕೆಲಸ ಸಿಕ್ಕರೆ ಅವಳು ಕಾಲೇಜಿಗೆ, ಸಿಗದಿದ್ದರೆ ದೊಡ್ಡಪ್ಪನ ಅಂಗಡಿಗೆ ಎಂದು ಮನೆಯಲ್ಲಿ ಎಲ್ಲರಿಗೂ ಅರ್ಥವಾಗಿತ್ತು.

ಹೀಗೆ ನಲವತ್ತರ ಹತ್ತಿರ ಬಂದ ಮೇಲೆ ನಾನು ಮೊದಲ ಸಲ ಇಂಟರ್‌ವ್ಯೂ ಎಂಬುದಕ್ಕೆ ಹೊರಟೆ. ಶಾಲೆಯ ಕೆಲಸ ನನಗೆ ಹಾಗೆ ಸಿಕ್ಕಿದ್ದಲ್ಲ. ಹೆಡ್ ಮಿಸ್, ನನ್ನ ಮಗಳ ಅಡ್ಮಿಷನ್‌ಗೆ ಹೋದ ನನ್ನನ್ನು ನೋಡಿ, ಬಿ.ಕಾಂ. ಮಾಡಿದ್ದೀಯಾ, ಹಾಗಾದರೆ ಇಲ್ಲೇ ಕೂತ್ಕೋ ಎಂದಿದ್ದರು, ಕೂತೆ.

ಕೆಲಸಕ್ಕೆ ಸೇರುವುದು ಎಂದರೆ ನನಗೆ ಗೊತ್ತಿದ್ದದ್ದು ನನ್ನ ತಂದೆ, ಅಬ್ಬಾ ಅವರ ರೀತಿ ಒಂದೇ. ದುರ್ಗದ ಪೇಟೆಯಲ್ಲಿ ನಮ್ಮದು ಗಾದಿ ಅಂಗಡಿ. ಹತ್ತಿ ಹಿಂಜಿ ಗಾದಿ, ದಿಂಬು ಹೊಲಿಯುವುದು ನಮ್ಮ ಮನೆತನಕ್ಕೆ ಮುತ್ತಜ್ಜನ ಕಾಲದಿಂದ ಬಂದ ಕಸುಬು. ಕೆಲಸ ಕೇಳಿಕೊಂಡು ಬಂದವನು ಅಂಗಡಿಯ ಕಟ್ಟೆಯ ಮೇಲೆ ಕೂರುತ್ತಿದ್ದ. ಅಬ್ಬಾ ಚಹಾ ತರಿಸುತ್ತಿದ್ದರು. ಮಳೆ, ಉರುಸು, ಯಾರದೋ ಮನೆಯ ನಿಕಾಹ್ ಎಲ್ಲ ಮಾತಾಡುತ್ತಿದ್ದರು, ಕೆಲಸದ ಮಾತನ್ನು ಮಾತ್ರ ಇಬ್ಬರೂ ಎತ್ತುತ್ತಿರಲಿಲ್ಲ. ಚಹಾ ಮುಗಿದ ಮೇಲೆ ಅಬ್ಬಾ ಬಾಯಿ ಹೊಲಿಯದ ಒಂದು ದಿಂಬನ್ನು ಅವನ ಕಡೆ ತಳ್ಳುತ್ತಿದ್ದರು. ಅವನು ಸುಮ್ಮನೆ ಸೂಜಿ ಎತ್ತಿಕೊಂಡರೆ ಕೆಲಸ ಆಯಿತು ಎಂದೇ ಅರ್ಥ. ಎಷ್ಟು ಕೊಡುತ್ತೀರಿ, ರಜೆ ಯಾವಾಗ, ಮೊದಲಿದ್ದವನು ಯಾಕೆ ಬಿಟ್ಟ ಎಂದೆಲ್ಲ ಕೇಳಿದವನನ್ನು ಅಬ್ಬಾ ನಗುನಗುತ್ತಲೇ ಸಾಗಹಾಕುತ್ತಿದ್ದರು. ಕೊಡುವವರ ಎದುರು ಕೂತು ಪ್ರಶ್ನೆ ಕೇಳುವುದು ನಮ್ಮ ಮನೆಯಲ್ಲಿ ಬೆಲ್ಲ ಕೊಟ್ಟವರ ಕೈ ತೊಳೆದಿದೆಯಾ ಎಂದು ನೋಡಿದಷ್ಟೇ ಮರ್ಯಾದೆಗೇಡು. ನನ್ನ ರಕ್ತದಲ್ಲೇ ಅದು ಬೆರೆತು ಹೋಗಿತ್ತು.

ಮೊದಲ ಇಂಟರ್‌ವ್ಯೂ ಹೊಸದುರ್ಗದಲ್ಲೇ, ಒಂದು ಕಾಲೇಜಿನ ಆಫೀಸಿಗೆ. ಸರ್ಟಿಫಿಕೇಟುಗಳಿಗೆಲ್ಲ ಪ್ಲಾಸ್ಟಿಕ್ ಹಾಕಿ ಫೈಲು ಮಾಡಿಕೊಂಡು ಹೋಗಿದ್ದೆ. ಮೇಜಿನ ಹಿಂದೆ ಕೂತಿದ್ದ ಮೂವರಲ್ಲಿ ಒಬ್ಬರೂ ಅದನ್ನು ತೆರೆಯಲಿಲ್ಲ. "ಮನ್ಯಾಗೆ ವಯಸ್ಸಾದೋರು ಯಾರು ಅದಾರೆ?" ಎಂದರು ಒಬ್ಬರು. "ಅವರಿಗೆ ಹುಷಾರಿಲ್ಲ ಅಂದ್ರೆ ರಜಾ ಹಾಕೋರು ನೀವೋ ನಿಮ್ಮ ಯಜಮಾನ್ರೋ?" ಎಂದರು ಇನ್ನೊಬ್ಬರು. ಕೊನೆಗೆ, "ನೀವೇನಾದ್ರೂ ಕೇಳೋದು ಐತಾ?" ಎಂದರು. ತಲೆಯ ಮೇಲಿನ ದುಪಟ್ಟಾ ಸರಿಮಾಡಿಕೊಂಡು, ತಲೆ ತಗ್ಗಿಸಿ, "ಏನಿಲ್ಲ ಸರ್" ಎಂದೆ. ಎಷ್ಟು ಒಳ್ಳೆಯ ನಡತೆ ನನ್ನದು ಎಂದು ನನಗೇ ಹೆಮ್ಮೆ ಆಗಿತ್ತು.

ಎರಡನೆಯದು ಹೊಳಲ್ಕೆರೆಯಲ್ಲಿ, ಬೈಕ್ ಶೋರೂಮಿನ ಕೌಂಟರಿಗೆ. ಮಗಳ ವಯಸ್ಸಿಗಿಂತ ನಾಲ್ಕೈದು ವರ್ಷ ದೊಡ್ಡವನಿರಬಹುದಾದ ಹುಡುಗ ನನ್ನನ್ನು ಕೂರಿಸಿಕೊಂಡು, "ಒಂದ್ಸಲ ನಗ್ರಿ ಮೇಡಂ" ಎಂದ. ನನಗೆ ಕಿವಿ ಕೆಟ್ಟಿತೇನೋ ಅನ್ನಿಸಿತು. "ಕಸ್ಟಮರ್ ಒಳಗೆ ಬರೋವಾಗ ಹೆಂಗೆ ನಗ್ತೀರಿ, ನೋಡಾಣ" ಎಂದು ವಿವರಿಸಿದ. ನಗು ಬರುವಂಥದ್ದು ಏನಾದರೂ ಹೇಳಿದ್ದರೆ ನಗುತ್ತಿದ್ದೆ, ಬೇಡವೆನ್ನುತ್ತಿದ್ದೆನೇ? ಬಿ.ಕಾಂ. ಓದಿ, ಇಷ್ಟು ವರ್ಷ ಒಂದು ಶಾಲೆಯ ಆಫೀಸನ್ನು ಹೆಗಲ ಮೇಲೆ ಹೊತ್ತು, ಈಗ ಕತ್ತೆ ವಯಸ್ಸಿನಲ್ಲಿ ಹಲ್ಲು ತೋರಿಸಿ ಪಾಸಾಗಬೇಕೇ? ಆದರೂ ಮಗಳ ಮುಖ ನೆನಪಾಗಿ ನಕ್ಕೆ. ಅವನು ಮೊಬೈಲಿನಲ್ಲಿ ಏನೋ ಒತ್ತಿಕೊಂಡ. "ಎನಿ ಕ್ವೆಶ್ಚನ್ಸ್?" ಎಂದ. "ಏನಿಲ್ಲ ಸರ್" ಎಂದೆ. ಮಗನ ವಯಸ್ಸಿನವನನ್ನು ಸರ್ ಎಂದು ಕರೆದು ಬಸ್ ಹತ್ತಿದೆ.

ಎರಡೂ ಕಡೆಯಿಂದ ಫೋನ್ ಬರಲಿಲ್ಲ. ಮಗಳು ಸಂಜೆ ಹೊತ್ತು ಸ್ಕೇಲು ಹಿಡಿದುಕೊಂಡು ನನ್ನೆದುರು ಇಂಟರ್‌ವ್ಯೂ ಮಾಡುವವಳಂತೆ ಕೂರುತ್ತಿದ್ದಳು. "ಅಮ್ಮಿ, ಬೆನ್ನು ನೇರ ಮಾಡು. ಅಮ್ಮಿ, ಕೈ ಹೊಸಕಬ್ಯಾಡ" ಎಂದು ತಿದ್ದುತ್ತಿದ್ದಳು. ತಮಾಷೆ ಮಾಡುತ್ತಿದ್ದಳು, ನಿಜ. ಆದರೆ ಕಣ್ಣಲ್ಲಿ ತಮಾಷೆ ಇರಲಿಲ್ಲ.

ಮೂರನೆಯದೇ ಐಮಂಗಲದ್ದು. ದಾಳಿಂಬೆ, ಈರುಳ್ಳಿ ತಂದು ತಂಪಿನಲ್ಲಿಟ್ಟು ಹೊರಗಿನ ಊರುಗಳಿಗೆ ಕಳಿಸುವ ಗೋದಾಮು. ಹಿರಿಯೂರಿಗೆ ಹೋಗಿ ಅಲ್ಲಿಂದ ಇನ್ನೊಂದು ಬಸ್ ಹಿಡಿದು ಇಳಿದಾಗ ಬಿಸಿಲು ನೆತ್ತಿ ಸುಡುತ್ತಿತ್ತು. ಹೆದ್ದಾರಿಯ ಮೇಲೆ ಲಾರಿಗಳು ಹೋದಾಗಲೆಲ್ಲ ಗೋದಾಮಿನ ತಗಡಿನ ಗೋಡೆ ಗುಂಯ್ ಎನ್ನುತ್ತಿತ್ತು. ಒಳಗೆ ಕಾಲಿಟ್ಟ ಕೂಡಲೇ ಆಫೀಸಿನ ಕುರ್ಚಿಯಲ್ಲಿದ್ದ ಹೆಂಗಸು ಎದ್ದು ಬಂದರು. ಐವತ್ತು ದಾಟಿದವರು. ಹಣೆಯಲ್ಲಿ ವಿಭೂತಿ, ಮೂಗಲ್ಲಿ ಚುಕ್ಕಿಯಷ್ಟು ಮೂಗುತಿ, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದ್ದರು.

"ಬಾರಮ್ಮ, ಕುಂತ್ಕ. ಬಿಸ್ಲಾಗೆ ಬೆಂದು ಬಂದೀಯ" ಎಂದು ಫ್ಯಾನು ನನ್ನ ಕಡೆ ತಿರುಗಿಸಿ, ತಮ್ಮ ಮನೆಯಿಂದ ತಂದಿದ್ದ ಮಜ್ಜಿಗೆಯನ್ನು ಲೋಟಕ್ಕೆ ಬಗ್ಗಿಸಿ ಕೊಟ್ಟರು. "ಯಾವೂರು? ಯಾರ ಪೈಕಿ?" ಎಂದೆಲ್ಲ ಕೇಳಿದರು. ದುರ್ಗದ ಗಾದಿ ಅಂಗಡಿ ಎಂದ ಕೂಡಲೇ ಕಣ್ಣರಳಿಸಿದರು. "ಅಯ್ಯೋ, ನನ್ನ ಮದುವಿಗೆ ನಮ್ಮಪ್ಪ ಗಾದಿ ಹೊಲಿಸಿದ್ದು ಅಲ್ಲೇ ಇರಬೇಕು ಕಣಮ್ಮ. ಇವತ್ತಿಗೂ ಹತ್ತಿ ಗಂಟು ಕಟ್ಟಿಲ್ಲ" ಎಂದು ನನ್ನ ಕೈ ಹಿಡಿದುಕೊಂಡರು. ಅಲ್ಲಿಂದ ಅವರು ನನಗೆ ಅಕ್ಕ, ನಾನು ಅವರಿಗೆ ತಂಗಿ.

ಕೆಲಸ ಏನು ಎಂದು ಅವರೇ ಹೇಳಿದರು. ಗೇಟಿಗೆ ಬರುವ ಲಾರಿಗಳ ಲೆಕ್ಕ, ರೈತರಿಗೆ ಚೀಟಿ, ಫೋನು, ಬಂದವರಿಗೆ ಉತ್ತರ, ಎಲ್ಲ ಅವರೊಬ್ಬರ ಮೇಲೆಯೇ ಇತ್ತಂತೆ. "ಇನ್ನೊಬ್ಬಳು ಬೇಕು, ನನ್ನೊಬ್ಬಳ ಕೈಲಿ ಆಗಲ್ಲ ಅಂತ ಸಾಹೇಬ್ರಿಗೆ ಹೇಳಿ ಹೇಳಿ ನನ್ನ ಬಾಯಿ ಒಣಗಿತ್ತು. ಅಂತೂ ಈ ವರ್ಷ ಮನಸು ಮಾಡ್ಯಾರೆ. ಬೆಳಗಿಂದ ಸುಮಾರು ಜನ ಬಂದು ಹೋದ್ರು. ನನಗೇನೋ ನೀನೇ ಬರಬೇಕು ಅನ್ಸುತ್ತೆ" ಎಂದರು.

ನಾನು ಹಿಂದಿನ ಎರಡು ಇಂಟರ್‌ವ್ಯೂಗಳ ಕತೆ ಹೇಳಿದೆ. ನಗು ಎಂದವನ ಕತೆಗೆ ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. 'ಏನಿಲ್ಲ ಸರ್' ಎಂದೆ ಎಂದಾಗ ಮಾತ್ರ ಅವರ ನಗು ನಿಂತಿತು.

"ಅಲ್ಲೇ ನೀನು ಕೆಟ್ಟಿದ್ದು. ಈಗಿನೋರಿಗೆ ಹಂಗೆ ಅಂದ್ರೆ ಆಗಲ್ಲ. ಇವಳಿಗೆ ಕೆಲಸದ ಮ್ಯಾಲೆ ಆಸೆ ಇಲ್ಲ ಅನ್ಕಂತಾರೆ. ನಮ್ಮ ಸಾಹೇಬ್ರು ಹೋದ ಸಲ ಡ್ರೈವರ್ ತಗಳ್ಳೋವಾಗ ನಾನೇ ನೋಡೀನಿ, ಏನಾದ್ರೂ ಕೇಳಿದೋನ್ನೇ ತಗಂಡಿದ್ದು."

"ಏನಂತ ಕೇಳ್ಲಿ ಅಕ್ಕ? ನನಗೆ ಬಾಯೇ ಬರಲ್ಲ."

"ಏನಾದ್ರೂ ಕೇಳು. ಈ ಕೆಲಸಾನ ಮೊದಲು ಯಾರು ಮಾಡ್ತಿದ್ರು ಅಂತ ಕೇಳು. ಆಗ ಅವರು ನನ್ನ ಹೆಸರು ಹೇಳ್ತಾರೆ. ಅವರ ಹತ್ರ ಕಲ್ತ್ಕಂತೀನಿ ಸರ್ ಅನ್ನು. ಖುಷಿ ಆಗ್ತಾರೆ."

ನಾನು ಅದನ್ನು ಮನಸ್ಸಿನಲ್ಲೇ ಬಾಯಿಪಾಠ ಮಾಡಿಕೊಂಡೆ. ಅಷ್ಟರಲ್ಲಿ ಒಳಗಿನಿಂದ ಕರೆ ಬಂತು. ಅಕ್ಕ ನನ್ನ ದುಪಟ್ಟಾದ ಪಿನ್ನು ಸರಿಮಾಡಿ, ಬೆನ್ನು ತಟ್ಟಿ ಕಳಿಸಿದರು.

ಅವರು ಸಾಹೇಬ್ರು ಎನ್ನುತ್ತಿದ್ದದ್ದು ಗೋದಾಮಿನ ಮ್ಯಾನೇಜರನ್ನು. ಒಳ್ಳೆಯ ಮಾತಿನ ಮನುಷ್ಯ. ನನ್ನ ಫೈಲನ್ನು ತೆರೆದ ಮೊದಲ ವ್ಯಕ್ತಿ ಅವರೇ. ಡ್ರೈವರ್ ಗೇಟಿನಲ್ಲಿ ನಿಂತು ಕೂಗಾಡಿದರೆ ಏನು ಮಾಡುತ್ತೀರಿ ಎಂದು ಕೇಳಿದರು. ಫೀ ಕಟ್ಟುವ ತಿಂಗಳಲ್ಲಿ ಶಾಲೆಗೆ ಬರುತ್ತಿದ್ದ ಅಪ್ಪಂದಿರ ಮುಂದೆ ನಿಮ್ಮ ಡ್ರೈವರುಗಳು ಪಾಪದವರು ಸರ್ ಎಂದೆ. ಜೋರಾಗಿ ನಕ್ಕರು. ಮನೆಮಾತು ಏನು ಎಂದರು. ಉರ್ದು ಎಂದೆ. ಹಿಂದಿಯಲ್ಲಿ ಎರಡು ಮಾತಾಡಿಸಿದರು, ನಾನು ಲೀಲಾಜಾಲವಾಗಿ ಉತ್ತರ ಕೊಟ್ಟೆ. ಅವರು ಪೆನ್ನು ಕೆಳಗಿಟ್ಟು ಕುರ್ಚಿಗೆ ಒರಗಿ ಕೂತದ್ದು ನೋಡಿ ನನಗೆ ಒಳಗೇ ಗೊತ್ತಾಯಿತು, ಕೆಲಸ ಸಿಕ್ಕಿತು ಎಂದು. ಮಗಳ ಹಾಸ್ಟೆಲ್ಲಿಗೆ ಹೊಸ ಟ್ರಂಕು ಕೊಳ್ಳಬೇಕು ಎಂದು ಆ ಕ್ಷಣದಲ್ಲೇ ಯೋಚಿಸಿದೆ.

"ಸರಿ. ನೀವೇನಾದ್ರೂ ಕೇಳೋದಿದೆಯಾ?"

ಹುಟ್ಟಿದಾಗಿನಿಂದ ಕಲಿತದ್ದನ್ನು ನುಂಗಿಕೊಂಡು ಕೇಳಿಬಿಟ್ಟೆ. "ಈ ಕೆಲಸಾನ ಮೊದಲು ಯಾರು ಮಾಡ್ತಿದ್ರು ಸರ್?"

"ಒಳ್ಳೆ ಪ್ರಶ್ನೆ" ಎಂದರು ಅವರು. "ಇಲ್ಲೀತನಕ ಯಾರೂ ಕೇಳಲಿಲ್ಲ ನೋಡ್ರಿ. ಹೊರಗೆ ಕೂತಿದ್ದಾರಲ್ಲ, ಅವರೇ. ಅವರ ಜಾಗಕ್ಕೇ ನಾವು ತಗೊಳ್ತಿರೋದು."

ನನಗೆ ಅರ್ಥವಾಗಲಿಲ್ಲ. ಅವರ ಜೊತೆಗೆ ಎಂದು ಹೇಳಲು ಹೋಗಿ ಬಾಯಿತಪ್ಪಿ ಜಾಗಕ್ಕೆ ಎಂದರೇನೋ ಅಂದುಕೊಂಡು ಸುಮ್ಮನೆ ಅವರ ಮುಖ ನೋಡಿದೆ. ಅವರು ಬಿಡಿಸಿ ಹೇಳಿದರು. ಕೆಲಸ ಚೆನ್ನಾಗಿಯೇ ಮಾಡುತ್ತಾರೆ, ಹಳಬರು, ದೂರೇನೂ ಇಲ್ಲ. ಆದರೆ ಈಗ ದೆಹಲಿ ಕಡೆಯ ವ್ಯಾಪಾರಿಗಳು ಹಿಂದಿಯಲ್ಲಿ ಫೋನ್ ಮಾಡುತ್ತಾರೆ, ಅಕ್ಕನಿಗೆ ಹಿಂದಿ ಬರುವುದಿಲ್ಲ. ಕಂಪ್ಯೂಟರೂ ಅಷ್ಟಕ್ಕಷ್ಟೇ. "ನೀವು ಒಂದು ತಿಂಗಳು ಅವರ ಪಕ್ಕ ಕೂತು ಎಲ್ಲಾ ಕಲ್ತ್ಕೊಳ್ಳಿ. ಆಮೇಲೆ ಅವರಿಗೆ ಹೇಳ್ತೀವಿ."

"ಅವರಿಗೆ ಗೊತ್ತಿಲ್ವಾ ಸರ್?"

"ಈಗಲೇ ಹೇಳಿದ್ರೆ ನಿಮಗೆ ಕಲಿಸ್ತಾರಾ?"

ಆ ಮಾತನ್ನು ಅವರು ಸಿಟ್ಟಿನಿಂದ ಹೇಳಲಿಲ್ಲ, ಸಣ್ಣತನದಿಂದಲೂ ಹೇಳಲಿಲ್ಲ. ನಾಳೆ ಮಳೆ ಬರಬಹುದು ಎನ್ನುವ ಹಾಗೆ ಸಲೀಸಾಗಿ ಹೇಳಿದರು. ಬಾಯಲ್ಲಿ ಇನ್ನೂ ಅಕ್ಕನ ಮಜ್ಜಿಗೆಯ ಒಗ್ಗರಣೆಯ ರುಚಿ ಇತ್ತು.

"ಹೊರಗೆ ಹೋಗೋವಾಗ ಏನೂ ಗೊತ್ತಿಲ್ಲದಂಗೆ ಹೋಗಿ" ಎಂದರು ಮ್ಯಾನೇಜರ್. "ನಮಗೆ ಬೇಕಾಗಿರೋದು ಅಂಥೋರೇ. ಸರ್ಟಿಫಿಕೇಟ್ ಎಲ್ಲರ ಹತ್ರಾನೂ ಇರುತ್ತೆ. ಮಾತನ್ನ ಹೊಟ್ಟೆಯೊಳಗೆ ಇಟ್ಕೊಳ್ಳೋರು ಸಿಗಲ್ಲ."

ಅವರು ನೋಡುತ್ತಿದ್ದದ್ದು ಇದನ್ನು. ಬಾಗಿಲಿನಿಂದ ಗೇಟಿನವರೆಗೆ ಆ ಹೆಂಗಸಿನ ಪಕ್ಕದಲ್ಲೇ ನಡೆದು ಹೋಗುತ್ತಾ ನಾನು ಬಾಯಿ ಮುಚ್ಚಿಕೊಂಡಿರುತ್ತೇನೋ ಇಲ್ಲವೋ ಎಂಬುದನ್ನು. ನನ್ನ ಇಂಟರ್‌ವ್ಯೂ ಇನ್ನೂ ಮುಗಿದೇ ಇರಲಿಲ್ಲ.

ಅಕ್ಕ ನನ್ನ ಮುಖ ನೋಡಿ, ಕೆಲಸ ಸಿಕ್ಕಲಿಲ್ಲ ಎಂದೇ ತಿಳಿದರು. "ಯಾಕಮ್ಮ, ಹಿಂಗಾಗೀಯ? ಕೇಳಿದ್ಯಾ ಇಲ್ಲಾ?" ಎಂದರು. ಹೂಂ ಎಂದೆ. "ಮತ್ತೆ?" ಎಂದರು. ಬಸ್ಸಿಗೆ ಹೊತ್ತಾಯಿತು ಎಂದೆ. ಬಂದವರನ್ನು ಬಾಗಿಲಲ್ಲೇ ಬೀಳ್ಕೊಡುವ ಪೈಕಿ ಅಲ್ಲ ಅವರು. ಹೆದ್ದಾರಿಯವರೆಗೆ ಬಂದೇ ಬರುತ್ತೇನೆ ಎಂದು ತಲೆ ಮೇಲೆ ಸೆರಗು ಹೊದ್ದು ಹೊರಟರು. ದಾರಿಯುದ್ದಕ್ಕೂ ಮಾತಾಡಿದರು. ನಾನು ಸೇರಿದರೆ ಮಧ್ಯಾಹ್ನದ ಬುತ್ತಿಯನ್ನು ಇಬ್ಬರೂ ಹಂಚಿಕೊಂಡು ಉಣ್ಣಬಹುದು, ತಮಗೆ ಮಂಡಿನೋವು, ಗೇಟಿಗೆ ಓಡಾಡುವುದನ್ನು ನಾನು ಮಾಡಿದರೆ ಸಾಕು, ಇನ್ನೊಂದಿಷ್ಟು ವರ್ಷ ಹೀಗೇ ತಳ್ಳಿಬಿಡಬಹುದು.

ಹೇಳಬಾರದು, ಹೇಳಿದರೆ ಮಗಳ ಕಾಲೇಜು ಹೋಯಿತು ಎಂದು ಒಂದು ಮನಸ್ಸು. ಆ ತಾಯಿಯಂಥವಳ ಪಕ್ಕದಲ್ಲಿ ಒಂದು ತಿಂಗಳು ಕೂತು, ಅವಳ ಬುತ್ತಿ ಉಂಡು, ಅವಳ ಕುರ್ಚಿಯನ್ನೇ ಎಳೆದುಕೊಳ್ಳುವುದೇ ಎಂದು ಇನ್ನೊಂದು. ದೂರದಲ್ಲಿ ಬಸ್ಸು ಕಂಡಿತು. ಹೇಳಿಬಿಟ್ಟೆ. ನಿಮ್ಮ ಜೊತೆಗಲ್ಲ ಅಕ್ಕ, ನಿಮ್ಮ ಜಾಗಕ್ಕೆ, ಒಂದು ತಿಂಗಳಾದ ಮೇಲೆ ನಿಮಗೆ ಹೇಳ್ತಾರಂತೆ ಎಂದೆ.

ಅಕ್ಕ ನಕ್ಕುಬಿಟ್ಟರು. "ಏ, ಹೋಗಮ್ಮ! ಸಾಹೇಬ್ರು ಹಂಗಲ್ಲ. ನನ್ನ ಮಗಳ ಸೀಮಂತಕ್ಕೆ ಮನೀಗೆ ಬಂದಿದ್ರು" ಎಂದರು. ನಾನು ಮತ್ತೆ ಹೇಳಿದೆ. ಅವರ ನಗು ಅರ್ಧಕ್ಕೆ ನಿಂತಿತು, ಆದರೆ ನಂಬಲಿಲ್ಲ. ಬಸ್ಸು ಬಂತು. "ಹತ್ತು, ಹತ್ತು, ಬಿಟ್ಟುಗಿಟ್ಟಾನು" ಎಂದು ನನ್ನ ಬೆನ್ನಿಗೆ ಕೈಯಿಟ್ಟು ಮೇಲೆ ಹತ್ತಿಸಿದರು. ಬಸ್ಸು ತಿರುಗುವವರೆಗೂ ಆ ಬಿಸಿಲಲ್ಲಿ ನಿಂತೇ ಇದ್ದರು.

ಸಂಜೆ ಅಕ್ಕನ ಫೋನ್ ಬಂತು. ನಂಬರು ಕೊಟ್ಟು ತೆಗೆದುಕೊಳ್ಳುವುದು ಮಜ್ಜಿಗೆಯ ಜೊತೆಗೇ ಮುಗಿದಿತ್ತು. ಬಹುಶಃ ಅಳುತ್ತಾರೆ, ಏನು ಸಮಾಧಾನ ಹೇಳಲಿ ಎಂದು ಹೆದರುತ್ತಲೇ ಎತ್ತಿದೆ.

"ಸಾಹೇಬ್ರನ್ನ ಕೇಳಿದೆ ಕಣಮ್ಮ. ಅವರು ಅಂಥ ಮಾತೇ ಆಡಿಲ್ಲವಂತೆ" ಎಂದರು ಅಕ್ಕ. ದನಿ ಬೇರೆಯೇ ಆಗಿತ್ತು. "ಕೆಲಸ ಸಿಗಲಿಲ್ಲ ಅಂತ ಉಣ್ಣೋರ ತಟ್ಟೀಗೆ ಮಣ್ಣು ಹಾಕ್ತಾರೇನಮ್ಮ? ನಾನು ನಿನ್ನನ್ನ ತಂಗಿ ಅಂತ ತಿಳ್ಕಂಡಿದ್ದೆ."

ಫೋನ್ ಇಟ್ಟುಬಿಟ್ಟರು. ನಾನು ಗರಬಡಿದವಳಂತೆ ಅಡುಗೆಮನೆಯಲ್ಲಿ ನಿಂತೆ. ಮ್ಯಾನೇಜರ್ ಸುಳ್ಳು ಹೇಳಿದ್ದು ದೊಡ್ಡದಾಗಿ ಅನ್ನಿಸಲಿಲ್ಲ. ಬಿಸಿಲಲ್ಲಿ ಬಂದವಳಿಗೆ ಮಜ್ಜಿಗೆ ಕೊಟ್ಟವರು ನನ್ನನ್ನು ಮಣ್ಣು ಹಾಕುವವಳು ಎಂದರಲ್ಲ, ಅದು ಕಪಾಳಕ್ಕೆ ಹೊಡೆದಂತೆ ಆಯಿತು. ಮಗಳು ಏನಾಯಿತು ಎಂದು 'ಅಮ್ಮಿ, ಅಮ್ಮಿ' ಎಂದು ಕರೆಯುತ್ತಲೇ ಇದ್ದಳು. ಕೆಲಸ ಹೋಯಿತು ಎಂದಷ್ಟೇ ಹೇಳಿದೆ. ಸಿಟ್ಟು ಬಂತು, ಆ ಹೆಂಗಸಿನ ಮೇಲೆ ಬಂತು, ನನ್ನ ಮೇಲೂ ಬಂತು. ಒಲೆಯ ಮೇಲಿದ್ದ ಸಾರು ಸೀದು ಹೋಯಿತು.

ಕಾಲೇಜುಗಳು ಶುರುವಾದವು. ಮಗಳು ಸದ್ಯಕ್ಕೆ ಎಂದು ಹೇಳಿಕೊಂಡು ದೊಡ್ಡಪ್ಪನ ಅಂಗಡಿಗೆ ಹೋಗತೊಡಗಿದಳು. ಬ್ಲೌಸುಗಳಿಗೆ ಹುಕ್ಕು ಹಾಕುತ್ತಿದ್ದಳು. ಮನೆಗೆ ಬಂದರೆ ಬೆರಳ ತುದಿ ಉಜ್ಜಿಕೊಳ್ಳುತ್ತಾ ಕೂರುತ್ತಿದ್ದಳು, ಸ್ಕೇಲು ಹಿಡಿದು ನನ್ನೆದುರು ಕೂರುವುದನ್ನು ಬಿಟ್ಟಿದ್ದಳು. ಕಾಲೇಜಿನವರು ಇನ್ನು ಸ್ವಲ್ಪ ದಿನದವರೆಗೆ ಮಾತ್ರ ಸೇರಿಸಿಕೊಳ್ಳುತ್ತೇವೆ, ಆಮೇಲೆ ಆಗುವುದಿಲ್ಲ ಎಂದಿದ್ದರು. ಅಷ್ಟರಲ್ಲಿ ದುರ್ಗದ ಒಂದು ನರ್ಸಿಂಗ್ ಹೋಮಿನಿಂದ ಬಿಲ್ಲಿಂಗ್ ಕೌಂಟರಿನ ಕೆಲಸಕ್ಕೆ ಕರೆ ಬಂತು. ಇದು ಕೈ ತಪ್ಪಿದರೆ ಈ ವರ್ಷಕ್ಕೆ ಬೇರೆ ದಾರಿ ಇರಲಿಲ್ಲ.

ಅಲ್ಲಿನ ಬೆಂಚಿನ ಮೇಲೆ ಕೂತಿದ್ದವರನ್ನು ನೋಡಿ ನನ್ನ ಕಾಲು ಹೊಸ್ತಿಲಲ್ಲೇ ನಿಂತಿತು. ಅದೇ ವಿಭೂತಿ, ಅದೇ ಮೂಗುತಿ. ಐಮಂಗಲದ ಅಕ್ಕ. ಮಡಿಲಲ್ಲಿ ಒಂದು ಪ್ಲಾಸ್ಟಿಕ್ ಫೈಲು.

ಖಾಲಿ ಇದ್ದದ್ದು ಅವರ ಪಕ್ಕದ ಜಾಗ ಒಂದೇ. ಹೋಗಿ ಕೂತೆ. ಎದುರಿನ ಗೋಡೆ ನೋಡುತ್ತಲೇ ಅವರು ಹೇಳಿದರು. "ಒಂದು ಹುಡುಗೀನ ತಗಂಡ್ರು. ಎಲ್ಲಾ ಕಲಿಸ್ದೆ ಅವಳಿಗೆ. ಮಗಳಂಗೆ ನೋಡ್ಕಂಡೆ. ತಿಂಗಳು ತುಂಬಿದ ಮಾರನೇ ದಿನ ಸಾಹೇಬ್ರು ಕರೆದು ಶಾಲು ಹೊದಿಸಿ ಕಳಿಸಿದ್ರು."

ನಾನು ಹೇಳಿದ್ದೆನಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ಅವರ ಮಡಿಲಲ್ಲಿದ್ದ ಹೊಸ ಫೈಲು ನೋಡಿ ನುಂಗಿದೆ.

"ಇವತ್ತು ಒಂದೇ ಕೆಲಸ ಐತಂತೆ" ಎಂದರು ಅವರು. "ನಾನು ಬಿಟ್ಟುಕೊಡಲ್ಲಮ್ಮ, ಮೊದಲೇ ಹೇಳಿರ್ತೀನಿ."

"ನಾನೂ ಬಿಟ್ಟುಕೊಡಲ್ಲ ಅಕ್ಕ" ಎಂದೆ. ಆಗ ಅವರು ಮೊದಲ ಸಲ ನನ್ನ ಕಡೆ ತಿರುಗಿದರು. ಚೀಲದಿಂದ ಎರಡು ಕೋಡುಬಳೆ ತೆಗೆದು ಒಂದನ್ನು ನನ್ನ ಕೈಗಿಟ್ಟರು.

ಕೌಂಟರಿನಲ್ಲಿ ಚಟಪಟ ಎನ್ನುವ ಒಬ್ಬಳು ಹುಡುಗಿ ಇದ್ದಳು. ನಮ್ಮಿಬ್ಬರಿಗೂ ನೀರು ತಂದುಕೊಟ್ಟಳು. ಬೆರಳಿನಲ್ಲಿ ಹೊಸ ಉಂಗುರ ಹೊಳೆಯುತ್ತಿತ್ತು. ಅಕ್ಕ ಸುಮ್ಮನಿರುತ್ತಾರೆಯೇ, ನಿಶ್ಚಯ ಆತೇನಮ್ಮ ಎಂದು ಕೇಳಿದರು. "ಹೂಂ ಆಂಟಿ, ಮುಂದಿನ ತಿಂಗಳು ಮದುವೆ. ಮೊದಲನೇ ಕಾರ್ಡು ನಮ್ಮ ಡಾಕ್ಟ್ರಿಗೇ ಕೊಟ್ಟೆ" ಎಂದು ನಾಚಿಕೊಂಡಳು. "ನನ್ನ ರಜೆಗೆ ಮಾತ್ರ ಯಾರನ್ನಾದ್ರೂ ತಗಂತಾರೆ ಅನ್ಕಂಡಿದ್ದೆ. ಡಾಕ್ಟ್ರು ಎಷ್ಟು ಒಳ್ಳೇರು ನೋಡ್ರಿ, ಪೂರ್ತಿ ಕೆಲಸಕ್ಕೇ ತಗಂತಿದಾರೆ. ಇನ್ಮೇಲೆ ಇಬ್ರು ಇರ್ತೀವಿ, ನನಗೂ ಸ್ವಲ್ಪ ಹಗುರ ಆಗುತ್ತೆ."

ಕೋಡುಬಳೆ ನನ್ನ ಬಾಯಲ್ಲೇ ನಿಂತಿತು. ಅಕ್ಕನ ಮುಖವನ್ನು ನೋಡುವ ಧೈರ್ಯವಾಗಲಿಲ್ಲ. ಇಲ್ಲ, ಎಲ್ಲ ಕಡೆಯೂ ಹಾಗಿರುವುದಿಲ್ಲ, ನಿಜವಾಗಿಯೂ ಇಬ್ಬರು ಬೇಕಾಗಿರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಅಷ್ಟರಲ್ಲಿ ಹುಡುಗಿ ಅಕ್ಕನ ಹೆಸರು ಕೂಗಿದಳು. ಅಕ್ಕ ಎದ್ದು, ಸೆರಗು ಸರಿಮಾಡಿಕೊಂಡು ಒಳಗೆ ಹೋದರು.

ಅವರು ಹೊರಗೆ ಬಂದಾಗ ನಾನು ಏನೂ ಕೇಳಬೇಕಾಗಲಿಲ್ಲ. ಆ ದಿನ ಐಮಂಗಲದಲ್ಲಿ ನನ್ನ ಮುಖ ಹೇಗಿದ್ದಿರಬೇಕು ಎಂದು ಈಗ ಕಣ್ಣಾರೆ ಕಂಡೆ.

"ಕೇಳಿದೆ" ಎಂದರು ಪಕ್ಕದಲ್ಲಿ ಕೂತು, ತಗ್ಗಿದ ದನಿಯಲ್ಲಿ. "ಈ ಕುರ್ಚಿಯಾಗೆ ಮೊದಲು ಯಾರು ಕುಂತಿದ್ರು ಅಂತ ಕೇಳಿದೆ. ಮದುವೆ ಆದೋರು ರಜಾ ಜಾಸ್ತಿ ಹಾಕ್ತಾರಂತೆ, ಆಮೇಲೆ ಬಸುರು ಬಾಣಂತನ ಅಂತಾರಂತೆ. ನಿಮ್ಮ ವಯಸ್ಸಿನೋರೇ ವಾಸಿ ಅಂದ್ರು. ಅವಳಿಗೆ ಮಾತ್ರ ಹೇಳಂಗಿಲ್ಲವಂತೆ."

ಆಮೇಲೆ ಅವರು ಚೀಲವನ್ನು ನನ್ನ ಪಕ್ಕದಲ್ಲಿಟ್ಟು ಎದ್ದರು. ಕೌಂಟರಿನ ಹತ್ತಿರ ಹೋಗಿ ಬಗ್ಗಿ ಏನೋ ಹೇಳಿದರು. ಹೇಳಿದ್ದು ನನಗೆ ಕೇಳಿಸಲಿಲ್ಲ. ಹುಡುಗಿ ನಕ್ಕದ್ದು ಮಾತ್ರ ಇಡೀ ಹಾಲಿಗೆ ಕೇಳಿಸಿತು. "ಹೋಗ್ರಿ ಆಂಟಿ, ಏನ್ ತಮಾಷೆ ಮಾಡ್ತೀರಿ! ನಮ್ಮ ಡಾಕ್ಟ್ರು ಹಂಗಲ್ಲ."

ಅಕ್ಕ ಬಂದು ಕೂತರು. "ನಾನೂ ಹಿಂಗೇ ನಕ್ಕಿದ್ನಾ?" ಎಂದರು.

"ಹೂಂ ಅಕ್ಕ" ಎಂದೆ.

ಅವರು ನನ್ನ ಕೈ ಹಿಡಿದುಕೊಂಡರು. ಗಾದಿ ಅಂಗಡಿಯ ಹೆಸರು ಹೇಳಿದ ದಿನ ಹಿಡಿದಿದ್ದ ಹಾಗೆಯೇ. ನನಗೆ ಅಳು ಬಂತು, ಆದರೆ ಅತ್ತರೆ ಒಳಗೆ ಹೋಗುವಾಗ ಕಣ್ಣು ಕೆಂಪಾಗುತ್ತದೆ ಎಂದು ತಡೆದುಕೊಂಡೆ. ಅಂಥ ಹೊತ್ತಿನಲ್ಲೂ ನನಗೆ ಆ ಕೆಲಸ ಬೇಕಾಗಿತ್ತು. ದೊಡ್ಡಪ್ಪನ ಅಂಗಡಿಯ ಮೂಲೆಯಲ್ಲಿ ಬಗ್ಗಿ ಹುಕ್ಕು ಹಾಕುತ್ತಿರುವ ಮಗಳು ಕಣ್ಣ ಮುಂದೆಯೇ ಇದ್ದಳು.

"ನಿಮ್ಮ ಪಾಳಿ ಆಂಟಿ" ಎಂದಳು ಹುಡುಗಿ ನನಗೆ. ತಾನೇ ಬಂದು ಡಾಕ್ಟರ ಕೋಣೆಯ ಬಾಗಿಲು ತೆರೆದು ಹಿಡಿದು, "ಹೆದರ್ಕಬ್ಯಾಡ್ರಿ, ಆಲ್ ದಿ ಬೆಸ್ಟ್" ಎಂದು ಪಿಸುಗುಟ್ಟಿದಳು.

ಡಾಕ್ಟರು ಫೈಲು ನೋಡಿದರು, ಶಾಲೆಯ ಕೆಲಸದ ಬಗ್ಗೆ ಕೇಳಿದರು. ಮಗಳು ಎಷ್ಟು ದೊಡ್ಡವಳು ಎಂದರು, ಹೇಳಿದೆ. ಹಾಗಾದರೆ ಇನ್ನು ಚಿಕ್ಕ ಮಕ್ಕಳ ತಾಪತ್ರಯ ಇಲ್ಲ ಎಂದು ತಲೆದೂಗಿದರು. ಎಲ್ಲಕ್ಕೂ ಬೆನ್ನು ನೇರ ಮಾಡಿಕೊಂಡು, ಕೈ ಹೊಸಕದೆ ಉತ್ತರ ಕೊಟ್ಟೆ. ಅವರೂ ಪೆನ್ನು ಕೆಳಗಿಟ್ಟು ಕುರ್ಚಿಗೆ ಒರಗಿದರು. ಆ ಒರಗುವಿಕೆ ನನಗೆ ಈಗ ಚೆನ್ನಾಗಿ ಗೊತ್ತಿತ್ತು.

"ಸರಿ, ಕೊನೇದಾಗಿ. ನೀವೇನಾದ್ರೂ ಕೇಳೋದಿದೆಯಾ?"

"ಐತೆ ಸರ್" ಎಂದೆ. "ಹೊರಗಿರೋ ಆ ಹುಡುಗೀನ ಒಳಗೆ ಕರೀರಿ. ಅವಳ ಎದುರಿಗೇ ಕೇಳ್ತೀನಿ."